ಬೆನ್ನು ತಿರುಗಿಸಿ ನಿಂತ ಹುಡುಗ

ಡಚ್ ಚಿತ್ರಕಾರ ರೆಂಬ್ರಾಂಟ್ 1656ರಲ್ಲಿ ತಾಮ್ರದ ಪುಟ್ಟ ಫಲಕವೊಂದರ ಮೇಲೆ ಕೊರೆದು ಕಾಗದಕ್ಕೆ ಒತ್ತಿದ ‘ದೇವದೂತರನ್ನು ಉಪಚರಿಸುವ ಅಬ್ರಹಾಮ’ ಎಂಬ ಎಚ್ಚಿಂಗ್ ಸುಮಾರು 16 ಸೆಂಟಿಮೀಟರ್ ಎತ್ತರ, 13 ಸೆಂಟಿಮೀಟರ್ ಅಗಲದ್ದು. ದೊಡ್ಡವರು ಅದರ ಮೇಲೆ ಅಂಗೈ ಇಟ್ಟರೆ ಚಿತ್ರದ ಬಹುಭಾಗ ಮುಚ್ಚಿಹೋಗುತ್ತದೆ. ಅಷ್ಟೇ ಜಾಗದಲ್ಲಿ ಆರು ಜನರಿದ್ದಾರೆ: ಮನೆಯ ಬಾಗಿಲ ಮುಂದೆ, ನೆಲದ ಹಾಸಿನ ಮೇಲೆ ಕುಳಿತ ಮೂವರು ಅತಿಥಿಗಳು, ಕೆಳಗೆ ಬಲಮೂಲೆಯಲ್ಲಿ ಹೂಜಿ ಹಿಡಿದು ಬಾಗಿರುವ ಮನೆಯ ಯಜಮಾನ, ಅರೆತೆರೆದ ಬಾಗಿಲ ಕತ್ತಲೆಯಲ್ಲಿ ಕಿವಿಗೊಟ್ಟು ನಿಂತಿರುವ ಅವನ ಹೆಂಡತಿ, ಇವರೆಲ್ಲರ ಆಚೆಗೆ, ಮೋಟುಗೋಡೆಯ ಮೇಲೆ ಒರಗಿ, ಬಿಲ್ಲು ಹಿಡಿದು ಹೊರಗೆಲ್ಲಿಗೋ ಗುರಿಯಿಟ್ಟಿರುವ ಒಬ್ಬ ಹುಡುಗ. ಹುಡುಗನ ಮುಖ ನಮಗೆ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ.

ಈ ಚಿತ್ರದ ಮಾತು ಬಂದಾಗಲೆಲ್ಲ ಹೆಚ್ಚಾಗಿ ಚರ್ಚೆಯಾಗುವುದು ಅದಕ್ಕಿರುವ ಭಾರತೀಯ ಮೂಲ. ಆ ಚರ್ಚೆ ನನಗೂ ಬೇಕು, ಈ ಬರಹದಲ್ಲಿ ಅದಕ್ಕೆ ಸಾಕಷ್ಟು ಜಾಗವನ್ನೂ ಕೊಡುತ್ತೇನೆ. ಆದರೆ ಹಲವು ವರ್ಷಗಳಿಂದ ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತ ಬಂದಿರುವ ನನ್ನ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ಆ ಹುಡುಗನ ಬೆನ್ನಿನ ಮೇಲೆಯೇ. ಅವನನ್ನು ಬಿಟ್ಟು ಉಳಿದದ್ದನ್ನು ಓದಿದರೆ ಇದು ಸಂತೋಷದ ಸುದ್ದಿ ಬರುವ ಒಂದು ಮಧ್ಯಾಹ್ನದ ಚಿತ್ರ. ಅವನನ್ನು ಸೇರಿಸಿಕೊಂಡು ಓದಿದರೆ ಅದೇ ಸುದ್ದಿ ಅದೇ ಮನೆಯ ಇನ್ನೊಂದು ಜೀವವನ್ನು ಹೊರಗೆ ಹಾಕುವ ಗಳಿಗೆಯೂ ಆಗುತ್ತದೆ. ರೆಂಬ್ರಾಂಟ್ ಎರಡನ್ನೂ ಒಟ್ಟಿಗೇ ಇಟ್ಟಿದ್ದಾನೆಂದು, ಗೊತ್ತಿದ್ದೇ ಇಟ್ಟಿದ್ದಾನೆಂದು ನಾನು ನಂಬುತ್ತೇನೆ.

ಕಥೆ ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ 18ನೆಯ ಅಧ್ಯಾಯದ್ದು. ಅಬ್ರಹಾಮನಿಗೆ ಆಗ 99 ವರ್ಷ. ಮಮ್ರೆಯ ಮರಗಳ ಬಳಿ, ಬಿಸಿಲು ಏರಿದ ಹೊತ್ತಿನಲ್ಲಿ ತನ್ನ ಗುಡಾರದ ಬಾಗಿಲಲ್ಲಿ ಕುಳಿತಿದ್ದಾಗ ಅವನಿಗೆ ಮೂವರು ಮನುಷ್ಯರು ಎದುರಿಗೆ ನಿಂತಿರುವುದು ಕಾಣುತ್ತದೆ. ಅವರು ಯಾರೆಂದು ಅವನು ಕೇಳುವುದಿಲ್ಲ. ಓಡಿ ಹೋಗಿ ನೆಲದವರೆಗೆ ಬಾಗಿ, ಕಾಲು ತೊಳೆಯಲು ನೀರು ತರಿಸುತ್ತೇನೆ, ಮರದ ಕೆಳಗೆ ದಣಿವಾರಿಸಿಕೊಳ್ಳಿ, ಒಂದು ತುತ್ತು ತಿಂದು ಮುಂದೆ ಹೋಗಿ ಎಂದು ಬೇಡಿಕೊಳ್ಳುತ್ತಾನೆ. ಒಂದು ತುತ್ತು ಎಂದವನು ಒಳಗೆ ಓಡಿ ಹೆಂಡತಿ ಸಾರಳಿಗೆ ಮೂರು ಅಳತೆ ಹಿಟ್ಟು ನಾದಲು ಹೇಳುತ್ತಾನೆ, ಹಿಂಡಿಗೆ ಓಡಿ ಎಳೆಯ ಕರುವನ್ನು ಆರಿಸಿ ಆಳಿನ ಕೈಗೆ ಕೊಡುತ್ತಾನೆ, ಮೊಸರು ಹಾಲು ತಂದಿಡುತ್ತಾನೆ. ಅವರು ಉಣ್ಣುವಾಗ ತಾನು ಪಕ್ಕದಲ್ಲಿ ನಿಂತಿರುತ್ತಾನೆ. ಅತಿಥಿಗಳು ನಿನ್ನ ಹೆಂಡತಿ ಎಲ್ಲಿ ಎಂದು ಕೇಳುತ್ತಾರೆ. ಬರುವ ವರ್ಷ ಇದೇ ಹೊತ್ತಿಗೆ ಅವಳಿಗೆ ಮಗನಾಗುತ್ತಾನೆ ಎಂದು ಅವರಲ್ಲೊಬ್ಬನು ಹೇಳಿದ್ದು, ಬಾಗಿಲ ಹಿಂದೆ ನಿಂತಿದ್ದ ಸಾರಳ ಕಿವಿಗೆ ಬೀಳುತ್ತದೆ. ವಯಸ್ಸು ಮೀರಿದ ಆಕೆ ತನ್ನೊಳಗೇ ನಗುತ್ತಾಳೆ. ನಕ್ಕಿದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ನಾನು ನಗಲಿಲ್ಲ ಎನ್ನುತ್ತಾಳೆ. ಇಲ್ಲ, ನೀನು ನಕ್ಕೆ ಎಂದು ಉತ್ತರ ಬರುತ್ತದೆ. ಊಟವಾದ ಮೇಲೆ ಇಬ್ಬರು ಸೊದೋಮ್ ಎಂಬ ಊರಿನ ಕಡೆಗೆ ಹೊರಡುತ್ತಾರೆ, ಒಬ್ಬ ಉಳಿಯುತ್ತಾನೆ; ಉಳಿದವನು ದೇವರೇ. ಅವನೊಡನೆ ಅಬ್ರಹಾಮ ಆ ಊರನ್ನು ನಾಶದಿಂದ ಉಳಿಸಲು ಐವತ್ತು ಮಂದಿ ನೀತಿವಂತರಿಂದ ಹತ್ತು ಮಂದಿಯವರೆಗೆ ಚೌಕಾಸಿ ಮಾಡುವ ಅದ್ಭುತವಾದ ಸಂಭಾಷಣೆ ಇದೇ ಅಧ್ಯಾಯದ ಉತ್ತರಾರ್ಧ.

ಈ ಇಡೀ ಅಧ್ಯಾಯದಲ್ಲಿ ಬಿಲ್ಲು ಹಿಡಿದ ಹುಡುಗ ಎಲ್ಲಿಯೂ ಇಲ್ಲ. ಅವನು ಚಿತ್ರದೊಳಗೆ ಹೇಗೆ ಬಂದ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕ್ರೈಸ್ತ ಕಲೆಯಲ್ಲಿ ಈ ಊಟದ ದೃಶ್ಯಕ್ಕೆ ದೀರ್ಘ ಪರಂಪರೆಯಿದೆ. ಮೂವರು ಅತಿಥಿಗಳಲ್ಲಿ ತ್ರಿತ್ವದ, ಎಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ನಂಬಿಕೆಯ, ಸೂಚನೆಯನ್ನು ಕಂಡವರು ಮೂವರನ್ನೂ ಒಂದೇ ವಯಸ್ಸಿನ, ಒಂದೇ ಚೆಲುವಿನ ತರುಣ ದೇವದೂತರನ್ನಾಗಿ, ಮೇಜಿನ ಸುತ್ತ ಕುಳಿತವರನ್ನಾಗಿ ಚಿತ್ರಿಸಿದರು. ರಷ್ಯಾದ ಆಂದ್ರೇಯ್ ರುಬ್ಲೇವ್ ಹದಿನೈದನೆಯ ಶತಮಾನದಲ್ಲಿ ಬರೆದ ಪ್ರಸಿದ್ಧ ಐಕಾನಿನಲ್ಲಿ, ಎಂದರೆ ಆರಾಧನೆಯ ಚಿತ್ರದಲ್ಲಿ, ಅಬ್ರಹಾಮನೂ ಇಲ್ಲ, ಸಾರಳೂ ಇಲ್ಲ. ಮೂವರು ದೂತರು, ಮೇಜಿನ ಮೇಲೆ ಒಂದು ಪಾತ್ರೆ, ಹಿನ್ನೆಲೆಯಲ್ಲಿ ಮನೆ, ಮರ, ಬೆಟ್ಟ, ಅಷ್ಟೇ. ರೆಂಬ್ರಾಂಟನೂ 1646ರಲ್ಲಿ ಈ ವಸ್ತುವನ್ನು ಮರದ ಚಿಕ್ಕ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬಿಡಿಸಿದ್ದ. ಅದರಲ್ಲಿ ದೈವೀ ಅತಿಥಿ ತಾನೇ ದೀಪವಾದಂತೆ ಹೊಳೆಯುತ್ತಾನೆ, ಆ ಬೆಳಕು ಅಬ್ರಹಾಮನ ಮುಖದ ಮೇಲೆ ಬೀಳುತ್ತದೆ, ಸುತ್ತಲಿನ ಕತ್ತಲೆ ಆ ಬೆಳಕನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದು ಸುಂದರವಾದ ಚಿತ್ರ. ಆದರೆ ಅಲ್ಲಿ ಬಂದವರು ದೇವರೆಂಬುದು ನೋಡುವವರಿಗೆ ಮೊದಲ ನೋಟಕ್ಕೇ ತಿಳಿದುಬಿಡುತ್ತದೆ. ಅಬ್ರಹಾಮ ಯಾರೆಂದು ಕೇಳದೆ ಓಡಿ ಹೋಗಿ ಬಾಗಿದ್ದಕ್ಕೆ ಆಗ ವಿಶೇಷ ಅರ್ಥ ಉಳಿಯುವುದಿಲ್ಲ.

ಹತ್ತು ವರ್ಷಗಳ ನಂತರದ ಎಚ್ಚಿಂಗಿನಲ್ಲಿ ಆ ಹೊಳಪೆಲ್ಲ ಹೋಗಿದೆ. ನಡುವಿನ ಅತಿಥಿ ಉದ್ದ ಗಡ್ಡದ ಮುದುಕ, ಕೈಯಲ್ಲೊಂದು ಬಟ್ಟಲು ಹಿಡಿದಿದ್ದಾನೆ. ಅವನಿಗೆ ರೆಕ್ಕೆಗಳಿಲ್ಲ, ತಲೆಯ ಸುತ್ತ ಪ್ರಭಾವಳಿಯೂ ಇಲ್ಲ. ಉಳಿದ ಇಬ್ಬರಿಗೆ ರೆಕ್ಕೆಗಳಿವೆ, ಆದರೆ ಮುಖಗಳು ಪ್ರಾಯ ಸಂದ ಗಂಡಸರವು. ಆ ದೊಡ್ಡ ರೆಕ್ಕೆಗಳನ್ನು ಬಿಟ್ಟರೆ ಸಂತೆಯಲ್ಲಿ ಸಿಗಬಹುದಾದ ಜನ. ಮೂವರೂ ನೆಲದ ಮೇಲೆ, ಹಾಸಿನ ಮೇಲೆ, ನಡುವೆ ತಟ್ಟೆ ಇಟ್ಟುಕೊಂಡು ಕುಳಿತಿದ್ದಾರೆ. ಮೇಜು ಮಾಯವಾಗಿದೆ.

ಆ ಮೇಜು ಮಾಯವಾದದ್ದು ಭಾರತದಿಂದ ಹೋದ ಒಂದು ಚಿತ್ರದ ದೆಸೆಯಿಂದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟನ ಒಂದು ರೇಖಾಚಿತ್ರವಿದೆ: ಮರದ ಕೆಳಗೆ, ಹಾಸಿನ ಮೇಲೆ, ನಾಲ್ವರು ಗಡ್ಡದ ಹಿರಿಯರು ವೃತ್ತವಾಗಿ ಕುಳಿತು ಪುಟ್ಟ ಬಟ್ಟಲುಗಳೊಡನೆ ಮಾತಿನಲ್ಲಿ ತೊಡಗಿದ್ದಾರೆ. ಇದು ಅವನ ಕಲ್ಪನೆಯಲ್ಲ. ಮೊಘಲ್ ಶೈಲಿಯ ಕಿರುಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಮಾಡಿದ ನಕಲು. ಅದಕ್ಕೆ ತೀರ ಹತ್ತಿರವಾದ ಮೊಘಲ್ ಚಿತ್ರ ವಿಯೆನ್ನಾದ ಷೋನ್‌ಬ್ರುನ್ ಅರಮನೆಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಒಂದು ಕೋಣೆಯ ಗೋಡೆಗಳಿಗೆ ಹಲವಾರು ಮೊಘಲ್ ಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಅಲಂಕಾರದ ಚೌಕಟ್ಟುಗಳಲ್ಲಿ ಕೂರಿಸಲಾಯಿತು. ಅವುಗಳ ನಡುವೆ ಅದೂ ಸೇರಿಕೊಂಡಿದೆ. ಷಾಜಹಾನ್, ಜಹಾಂಗೀರ್ ಮುಂತಾದವರ ಭಾವಚಿತ್ರಗಳೂ ಸೇರಿದಂತೆ ಇಂಥ ಇಪ್ಪತ್ತಕ್ಕೂ ಹೆಚ್ಚು ನಕಲುಗಳನ್ನು ರೆಂಬ್ರಾಂಟ್ 1656ರ ಆಸುಪಾಸಿನ ವರ್ಷಗಳಲ್ಲಿ ಮಾಡಿದ. ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ 2018ರಲ್ಲಿ ಈ ನಕಲುಗಳನ್ನು ಮೊಘಲ್ ಚಿತ್ರಗಳ ಜೊತೆಯಲ್ಲಿಟ್ಟು ಪ್ರದರ್ಶಿಸಿತ್ತು. ಬೇರೆ ಯಾವ ಪರಂಪರೆಯ ಚಿತ್ರಗಳನ್ನೂ ಅವನು ಇಷ್ಟು ಸಂಖ್ಯೆಯಲ್ಲಿ, ಇಷ್ಟು ತಾಳ್ಮೆಯಿಂದ ನಕಲು ಮಾಡಿದಂತೆ ಕಾಣುವುದಿಲ್ಲ. ತನ್ನ ದಪ್ಪ, ಅವಸರದ ಗೆರೆಯನ್ನು ಬದಿಗಿಟ್ಟು ಕೂದಲಿನಷ್ಟು ಸಣ್ಣ ಗೆರೆಯಲ್ಲಿ ಪೇಟದ ಮಡಿಕೆ, ನಡುಪಟ್ಟಿಯ ತುದಿ, ಜಾಮವೆಂಬ ನಿಲುವಂಗಿಯ ಅಂಚುಗಳನ್ನು ಅವನು ಹಿಡಿಯುವುದನ್ನು ನೋಡಿದರೆ ಅವನು ಇಲ್ಲಿ ಕಲಿಯಲು ಕುಳಿತಿದ್ದಾನೆಂದು ತಿಳಿಯುತ್ತದೆ.

ಈ ಚಿತ್ರಗಳು ಆಮ್‌ಸ್ಟರ್‌ಡ್ಯಾಮಿಗೆ ಬಂದದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲೇ ಇರಬೇಕು. ಸೂರತ್ತಿನಲ್ಲಿ ಡಚ್ಚರಿಗೆ ವ್ಯಾಪಾರದ ಕೋಠಿಯಿತ್ತು. ಆದರೆ ಚಿತ್ರಗಳ ಓಡಾಟ ಒಂದೇ ದಿಕ್ಕಿನದಲ್ಲ. 1580ರಲ್ಲಿ ಫತೇಪುರ್ ಸಿಕ್ರಿಗೆ ಬಂದ ಜೆಸುಯಿಟ್ ಪಾದ್ರಿಗಳು ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲನ್ನು ಅಕ್ಬರನಿಗೆ ಕಾಣಿಕೆಯಾಗಿ ಕೊಟ್ಟರು. ಅದರ ತಾಮ್ರಫಲಕದ ಚಿತ್ರಗಳನ್ನೂ, ಬೇರೆ ಯುರೋಪಿಯನ್ ಅಚ್ಚುಗಳನ್ನೂ ಅಕ್ಬರನ ಕಲಾಶಾಲೆಯ ಕೇಸು ದಾಸನಂಥ ಚಿತ್ರಕಾರರು ನಕಲು ಮಾಡಿದರು, ತಮ್ಮ ಬಣ್ಣಗಳಲ್ಲಿ ಮತ್ತೆ ಬರೆದರು. ನಮ್ಮ ವಿಜಯಪುರಕ್ಕೂ ಈ ದಾರಿಯಲ್ಲಿ ಒಂದು ಜಾಗವಿದೆ: ಹಾರ್ಲೆಮ್ ಊರಿನ ಕೊರ್ನೆಲಿಸ್ ಕ್ಲಾಸೋನ್ ಹೇಡ ಎಂಬ ಡಚ್ ಚಿತ್ರಕಾರ 1610ರ ಹೊತ್ತಿಗೆ ಇಬ್ರಾಹಿಂ ಆದಿಲ್‌ಷಾಹಿಯ ಆಸ್ಥಾನ ಸೇರಿ ಅಲ್ಲಿಯೇ ವರ್ಷಗಟ್ಟಲೆ ಕೆಲಸ ಮಾಡಿದ. ಆದ್ದರಿಂದ ರೆಂಬ್ರಾಂಟನ ಮೇಜಿನ ಮೇಲೆ ಮೊಘಲ್ ಚಿತ್ರ ಬಂದು ಬೀಳುವ ಹೊತ್ತಿಗೆ ಅದರ ಹಿಂದೆ ಮುಕ್ಕಾಲು ಶತಮಾನದ ಕೊಡುಕೊಳೆ ಇತ್ತು. ಯುರೋಪಿನ ಬೈಬಲ್ ಚಿತ್ರಗಳನ್ನು ನೋಡಿ ಬೆಳೆದ ಮೊಘಲ್ ಚಿತ್ರಕಲೆಯಿಂದ ಒಂದು ಬೈಬಲ್ ದೃಶ್ಯ ಮತ್ತೆ ಯುರೋಪಿನಲ್ಲಿ ಹುಟ್ಟಿತು.

ಹೊರನಾಡಿನ ವಸ್ತುಗಳ ಮೇಲೆ ಆ ಕಾಲದ ಡಚ್ಚರಿಗಿದ್ದ ಮೋಹಕ್ಕೆ ಇದನ್ನೂ ಸೇರಿಸಿಬಿಡುವವರಿದ್ದಾರೆ. ನನಗೆ ಆ ವಿವರಣೆ ಸಾಲದು. ಪೇಟ, ರತ್ನ, ಖಡ್ಗಗಳ ಬೆಡಗನ್ನು ರೆಂಬ್ರಾಂಟ್ ಪ್ರಾಯದಲ್ಲಿ ಧಾರಾಳವಾಗಿ ಬಳಸಿದ್ದುಂಟು. ಈ ಚಿತ್ರದಲ್ಲಿ ಅವನು ತೆಗೆದುಕೊಂಡದ್ದು ಬೆಡಗನ್ನಲ್ಲ, ಕುಳಿತುಕೊಳ್ಳುವ ರೀತಿಯನ್ನು. ಅಬ್ರಹಾಮನ ಕಾಲದ ಪೂರ್ವದ ಜನ ಹೀಗೆ ಕುಳಿತು ಉಂಡಿರಬೇಕು, ಆಂಟ್‌ವರ್ಪಿನ ವರ್ತಕರ ಹಾಗೆ ಕುರ್ಚಿಯ ಮೇಲಲ್ಲ ಎಂಬ ಐತಿಹಾಸಿಕ ಊಹೆಯೂ ಅವನಲ್ಲಿತ್ತೆಂದು ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ನೆಲದ ಮೇಲೆ ಕುಳಿತವರು ಒಂದು ವೃತ್ತವನ್ನು ರಚಿಸುತ್ತಾರೆ. ಪಂಕ್ತಿಯಲ್ಲಿ ಕುಳಿತು ಉಂಡ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ: ಯಾರು ಕುಳಿತಿದ್ದಾರೆ, ಯಾರು ಬಡಿಸುತ್ತಿದ್ದಾರೆ, ಯಾರು ಒಳಗಿನಿಂದ ಇಣುಕುತ್ತಿದ್ದಾರೆ, ಯಾರು ಹೊರಗಿದ್ದಾರೆ ಎಂಬುದು ನೆಲದ ಊಟದಲ್ಲಿ ಮೇಜಿನ ಊಟಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮೊಘಲ್ ಚಿತ್ರದಲ್ಲಿ ವೃತ್ತದೊಳಗೆ ನಾಲ್ವರಿದ್ದರು. ರೆಂಬ್ರಾಂಟ್ ಮೂವರನ್ನು ಕೂರಿಸಿ ನಾಲ್ಕನೆಯವನನ್ನು ವೃತ್ತದಿಂದ ಎಬ್ಬಿಸಿ ಕೆಳಗೆ, ಬಡಿಸುವವನ ಜಾಗಕ್ಕೆ ಕಳಿಸಿದ್ದಾನೆ. ಅಬ್ರಹಾಮನ ತಲೆ ಕುಳಿತ ಅತಿಥಿಗಳ ತಲೆಗಿಂತ ಕೆಳಗಿದೆ. ಮನೆಯ ಯಜಮಾನ ಇಡೀ ಚಿತ್ರದಲ್ಲಿ ಎಲ್ಲರಿಗಿಂತ ಕೆಳಗಿದ್ದಾನೆ.

ಮೂಲದಲ್ಲಿ ಗುಡಾರವಿರುವಲ್ಲಿ ರೆಂಬ್ರಾಂಟ್ ಬಾಗಿಲು, ಗೋಡೆ, ಮೆಟ್ಟಿಲುಗಳಿರುವ ಮನೆಯನ್ನು ಕಟ್ಟಿದ್ದಾನೆ. ಇದು ಪ್ರಮಾದವಲ್ಲ. ಗುಡಾರದ ಪರದೆಗೆ ಒಳಗು ಹೊರಗುಗಳ ನಡುವೆ ಅಷ್ಟು ಖಚಿತವಾದ ಗಡಿಯಿಲ್ಲ. ಬಾಗಿಲಿಗೆ ಇದೆ, ಮೋಟುಗೋಡೆಗೆ ಇದೆ. ಸಾರಳು ಬಾಗಿಲ ಈಚೆಗೆ ಬರಲಾರಳು, ಹುಡುಗ ಗೋಡೆಯ ಆಚೆಗೆ ನೋಡುತ್ತಿದ್ದಾನೆ. ಊಟ ಈ ಎರಡು ಗಡಿಗಳ ನಡುವೆ ನಡೆಯುತ್ತಿದೆ.

ಎಚ್ಚಿಂಗ್ ಎಂಬ ಕೆಲಸದ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಯ ಮಾಡಿದ ತಾಮ್ರದ ಫಲಕಕ್ಕೆ ಮೇಣ, ರಾಳ, ಡಾಂಬರುಗಳ ತೆಳುವಾದ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೀಚಿದರೆ ಗೀಚಿದಲ್ಲಿ ತಾಮ್ರ ಬಯಲಾಗುತ್ತದೆ. ಫಲಕವನ್ನು ಆಮ್ಲದಲ್ಲಿಟ್ಟಾಗ ಬಯಲಾದ ಗೆರೆಗಳನ್ನಷ್ಟೇ ಆಮ್ಲ ತಿನ್ನುತ್ತದೆ. ಲೇಪ ತೆಗೆದು, ಮಸಿ ಹಚ್ಚಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಉರುಳೆಗಳ ನಡುವೆ ಒತ್ತಿದರೆ ತಗ್ಗಿನ ಮಸಿ ಕಾಗದಕ್ಕೆ ಏರುತ್ತದೆ. ಕೆತ್ತನೆಯ ಉಳಿಯನ್ನು ತಾಮ್ರದಲ್ಲಿ ದೂಡಲು ವರ್ಷಗಳ ತರಬೇತಿ ಬೇಕು. ಎಚ್ಚಿಂಗಿನ ಸೂಜಿ ಮೇಣದಲ್ಲಿ ಲೇಖನಿಯಷ್ಟೇ ಸರಾಗವಾಗಿ ಓಡುತ್ತದೆ. ಸುಮಾರು 290 ಎಚ್ಚಿಂಗುಗಳನ್ನು ಮಾಡಿದ ರೆಂಬ್ರಾಂಟ್ ಈ ಸರಾಗವನ್ನು ಬಳಸಿಕೊಂಡಷ್ಟು ಅವನ ಮುಂಚಿನ ಯಾರೂ ಬಳಸಿಕೊಂಡಿರಲಿಲ್ಲ. ಇದರ ಜೊತೆಗೆ ಅವನು ಡ್ರೈಪಾಯಿಂಟನ್ನೂ ಸೇರಿಸುತ್ತಿದ್ದ, ಎಂದರೆ ಲೇಪವಾಗಲಿ ಆಮ್ಲವಾಗಲಿ ಇಲ್ಲದೆ ಚೂಪಾದ ಸೂಜಿಯಿಂದ ತಾಮ್ರವನ್ನೇ ನೇರವಾಗಿ ಗೀರುತ್ತಿದ್ದ. ಆಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಸಿಬಿರು ಏಳುತ್ತದೆ, ಅದು ಮಸಿಯನ್ನು ಹಿಡಿದುಕೊಂಡು ಕಾಗದದ ಮೇಲೆ ಮಖಮಲ್ಲಿನಂಥ ಮೃದುವಾದ ಕಪ್ಪನ್ನು ಬಿಡುತ್ತದೆ. ಒತ್ತಿದಂತೆಲ್ಲ ಸಿಬಿರು ಸವೆಯುವುದರಿಂದ ಮೊದಲ ಕೆಲವು ಪ್ರತಿಗಳಿಗಷ್ಟೇ ಆ ಕಪ್ಪು ದಕ್ಕುತ್ತದೆ.

ಈ ಫಲಕದಲ್ಲಿ ಅವನು ಎರಡನ್ನೂ ಬಳಸಿದ್ದಾನೆ, ಆದರೆ ಮಿತವಾಗಿ. ಮೂರು ವರ್ಷಗಳ ಹಿಂದಿನ ‘ಮೂರು ಶಿಲುಬೆಗಳು’ ಚಿತ್ರದ ಭೀಕರವಾದ ಕತ್ತಲೆ ಇಲ್ಲಿಲ್ಲ. ಗೆರೆಗಳು ಬಿಡಿಬಿಡಿಯಾಗಿವೆ, ನಡುವೆ ಕಾಗದ ಉಸಿರಾಡುತ್ತದೆ. ಮೊಘಲ್ ಚಿತ್ರಗಳ ಸಣ್ಣ ಗೆರೆಯನ್ನು ಅಭ್ಯಾಸ ಮಾಡಿದ ಕೈಯ ಗುರುತು ಇದು ಎಂದು ನನ್ನ ಎಣಿಕೆ. ಆ ನಕಲುಗಳನ್ನು ಅವನು ಮಾಡಿದ್ದು ಏಷ್ಯಾದ ಕಾಗದದ ಮೇಲೆ. ಅದೇ ವರ್ಷಗಳಲ್ಲಿ ತನ್ನ ಎಚ್ಚಿಂಗುಗಳ ಆಯ್ದ ಪ್ರತಿಗಳನ್ನು ಹಳದಿ ಛಾಯೆಯ, ನುಣುಪಾದ ಜಪಾನೀ ಕಾಗದದ ಮೇಲೆ ಒತ್ತುತ್ತಿದ್ದ. ಯುರೋಪಿನ ಬಿಳಿ ಕಾಗದದಲ್ಲಿ ಚೂಪಾಗಿ ನಿಲ್ಲುವ ಗೆರೆ ಅದರಲ್ಲಿ ಮೆತ್ತಗೆ ಇಳಿಯುತ್ತದೆ. ಈ ಚಿತ್ರದ ಮೂಲ ತಾಮ್ರಫಲಕ ಇಂದಿಗೂ ಉಳಿದಿದೆ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಬೇರೊಬ್ಬ ಚಿತ್ರಕಾರ ಅದರ ಹಿಂಬದಿಯನ್ನೇ ಹಲಗೆಯಾಗಿ ಬಳಸಿಕೊಂಡು ಎಣ್ಣೆಬಣ್ಣದಲ್ಲಿ ಒಂದು ಭೂದೃಶ್ಯವನ್ನು ಬರೆದುಬಿಟ್ಟಿದ್ದ. ರೆಂಬ್ರಾಂಟನ ಎಷ್ಟೋ ಫಲಕಗಳನ್ನು ನಂತರದ ಶತಮಾನಗಳಲ್ಲಿ ವ್ಯಾಪಾರಿಗಳು ಮತ್ತೆ ಮತ್ತೆ ಒತ್ತಿ, ಸವೆದಲ್ಲಿ ಮತ್ತೆ ಕೊರೆಸಿ ಹಾಳುಮಾಡಿದರು. ಇದು ಆ ಗತಿಯಿಂದ ಪಾರಾಯಿತು.

1656 ರೆಂಬ್ರಾಂಟನ ಬದುಕಿನಲ್ಲಿ ಎಂಥ ವರ್ಷವೆಂಬುದು ಅವನ ಬಗ್ಗೆ ಓದಿದವರಿಗೆಲ್ಲ ಗೊತ್ತು. 1639ರಲ್ಲಿ 13,000 ಗಿಲ್ಡರಿಗೆ ಕೊಂಡ ಮನೆಯ ಸಾಲ ತೀರಿರಲಿಲ್ಲ. ಮೇ ತಿಂಗಳಲ್ಲಿ ಆ ಮನೆಯನ್ನು ಮಗ ಟೈಟಸ್‌ನ ಹೆಸರಿಗೆ ಮಾಡಿದ, ಜುಲೈಯಲ್ಲಿ ದಿವಾಳಿ ಅರ್ಜಿ ಹಾಕಿದ. ಅಧಿಕಾರಿಗಳು ಬಂದು ಕೋಣೆ ಕೋಣೆಯ ಸಾಮಾನನ್ನು ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ‘ಕುತೂಹಲಕರವಾದ ಕಿರುಚಿತ್ರಗಳ’ ಒಂದು ಸಂಪುಟವೂ ಇದೆ; ಅದರಲ್ಲಿದ್ದದ್ದು ಈ ಮೊಘಲ್ ಚಿತ್ರಗಳೇ ಇರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಅದಕ್ಕೂ ಎರಡು ವರ್ಷ ಮುಂಚೆ, 1654ರಲ್ಲಿ, ಮದುವೆಯಾಗದೆ ಅವನೊಡನೆ ಬಾಳುತ್ತಿದ್ದ ಹೆಂಡ್ರಿಕ್ಯೆ ಸ್ಟೊಫೆಲ್ಸಳನ್ನು ಪ್ರೊಟೆಸ್ಟಂಟರ ರಿಫಾರ್ಮ್ಡ್ ಚರ್ಚಿನ ಸಭೆ ಕರೆಸಿ ಛೀಮಾರಿ ಹಾಕಿ ಪ್ರಭುಭೋಜನದಿಂದ, ಎಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನದಿಂದ, ಹೊರಗಿಟ್ಟಿತ್ತು. ಅವಳು ಆಗ ಬಸುರಿ.

ಒಂದು ಚಿತ್ರವನ್ನು ಚಿತ್ರಕಾರನ ಕಷ್ಟಗಳ ವರದಿಯೆಂದು ಓದುವುದನ್ನು ನಾನು ಒಪ್ಪುವುದಿಲ್ಲ. ಹೆಂಡ್ರಿಕ್ಯೆಯೇ ಈ ಸಾರಳು, ಟೈಟಸನೇ ಈ ಹುಡುಗ ಎಂದು ಗುರುತಿಸಿಬಿಟ್ಟರೆ ಚಿತ್ರ ಚಿಕ್ಕದಾಗುತ್ತದೆ. ಆದರೂ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಆ ಚರ್ಚು ಬೋಧಿಸುತ್ತಿದ್ದ ಹೈಡಲ್‌ಬರ್ಗ್ ಪ್ರಶ್ನೋತ್ತರಿಯ ಪ್ರಕಾರ ದೇವರನ್ನು ಯಾವ ರೂಪದಲ್ಲಿಯೂ ಚಿತ್ರಿಸಕೂಡದು. ತನ್ನ ಮನೆಯವಳನ್ನು ಪವಿತ್ರ ಭೋಜನದಿಂದ ಹೊರಗಿಟ್ಟ ಸಮಾಜದ ನಡುವೆ ಕುಳಿತು ರೆಂಬ್ರಾಂಟ್ ದೇವರನ್ನು ಚಿತ್ರಿಸಿದ, ಅದೂ ಸಿಂಹಾಸನದ ಮೇಲಲ್ಲದೆ ಯಾರದೋ ಮನೆಯ ಬಾಗಿಲಲ್ಲಿ ನೆಲದ ಮೇಲೆ ಕುಳಿತು ಕೊಟ್ಟದ್ದನ್ನು ಕುಡಿಯುವ ಮುದುಕನಾಗಿ. ಆ ಮುದುಕನಿಗೆ ಅವನು ಕೊಟ್ಟದ್ದು ಮರದಡಿ ಕುಳಿತ ಮುಸ್ಲಿಂ ಹಿರಿಯರ ಭಂಗಿ, ಗಡ್ಡ, ಬಟ್ಟಲು. ಅತಿಥಿ ಯಾರೆಂದು ಕೇಳದ ಅಬ್ರಹಾಮನ ಕಥೆಗೆ ಇದಕ್ಕಿಂತ ಸರಿಯಾದ ರೂಪ ಬೇರೆ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಹುಡುಗನ ವಿಷಯ. ಅವನು ಇಷ್ಮಾಯೇಲ, ಸಾರಳ ದಾಸಿಯಾಗಿದ್ದ ಈಜಿಪ್ಟಿನ ಹಾಗರಳಲ್ಲಿ ಅಬ್ರಹಾಮನಿಗೆ ಹುಟ್ಟಿದ ಮಗ. ಮಕ್ಕಳಿಲ್ಲದ ಸಾರಳೇ ಹಾಗರಳನ್ನು ಗಂಡನಿಗೆ ಒಪ್ಪಿಸಿದ್ದಳು. ಅತಿಥಿಗಳು ಬಂದ ಹೊತ್ತಿಗೆ ಇಷ್ಮಾಯೇಲನಿಗೆ 13 ವರ್ಷ. ಅಷ್ಟೂ ವರ್ಷ ಆ ಮನೆಗೆ ಇದ್ದ ಒಬ್ಬನೇ ಮಗ ಅವನು. ಹದಿನೆಂಟನೆಯ ಅಧ್ಯಾಯ ಅವನ ಹೆಸರೆತ್ತುವುದಿಲ್ಲ. ಕರುವನ್ನು ಅಡಿಗೆ ಮಾಡಲು ಅಬ್ರಹಾಮ ಯಾರ ಕೈಗೆ ಕೊಟ್ಟನೋ ಆ ಹುಡುಗನೇ ಇಷ್ಮಾಯೇಲ ಎಂದು ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಬರೆದಿದ್ದಾನೆ. ರೆಂಬ್ರಾಂಟ್ ಯೆಹೂದಿಗಳು ಹೆಚ್ಚಾಗಿದ್ದ ಬೀದಿಯಲ್ಲಿ ಬಾಳಿದವನು; 1655ರಲ್ಲಿ ಮೆನಾಸ್ಸೆ ಬೆನ್ ಇಸ್ರೇಲ್ ಎಂಬ ರಬ್ಬಿಯ ಪುಸ್ತಕಕ್ಕೆ ನಾಲ್ಕು ಎಚ್ಚಿಂಗುಗಳನ್ನೂ ಮಾಡಿಕೊಟ್ಟಿದ್ದ. ಆ ವ್ಯಾಖ್ಯಾನ ಅವನ ಕಿವಿಗೆ ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದರೆ ಅವನ ಹುಡುಗ ಅಡಿಗೆಯ ಕೆಲಸದಲ್ಲಿಲ್ಲ. ಅವನ ಕೈಯಲ್ಲಿರುವುದು ಬಿಲ್ಲು, ಮತ್ತು ಬಿಲ್ಲು ಬರುವುದು ಮೂರು ಅಧ್ಯಾಯಗಳ ನಂತರ.

ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸಾರಳಿಗೆ ಇಸಾಕ ಹುಟ್ಟಿದ್ದಾನೆ, ಹಾಲು ಬಿಡಿಸಿದ ದಿನ ದೊಡ್ಡ ಔತಣವಾಗಿದೆ. ಈ ದಾಸಿಯನ್ನೂ ಅವಳ ಮಗನನ್ನೂ ಹೊರಗೆ ಹಾಕು, ಅವನು ನನ್ನ ಮಗನೊಡನೆ ಬಾಧ್ಯಸ್ಥನಾಗಬಾರದು ಎಂದು ಸಾರಳು ಗಂಡನಿಗೆ ಹೇಳುತ್ತಾಳೆ. ಅಬ್ರಹಾಮನಿಗೆ ಬಹಳ ಸಂಕಟವಾಗುತ್ತದೆ, ಆದರೂ ಬೆಳಿಗ್ಗೆ ಬೇಗನೆ ಎದ್ದು ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಹಾಗರಳ ಹೆಗಲಿಗೇರಿಸಿ ಅವರಿಬ್ಬರನ್ನು ಕಳಿಸಿಬಿಡುತ್ತಾನೆ. ಬೇರ್ಷೆಬದ ಮರಳುಗಾಡಿನಲ್ಲಿ ನೀರು ಮುಗಿಯುತ್ತದೆ. ಹಾಗರಳು ಮಗನನ್ನು ಒಂದು ಪೊದೆಯ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರೆನೆಂದು ಬಾಣ ಹೊಡೆದಷ್ಟು ದೂರ ಹೋಗಿ ಕುಳಿತು ಅಳುತ್ತಾಳೆ. ದೇವರು ಹುಡುಗನ ದನಿಯನ್ನು ಕೇಳುತ್ತಾನೆ, ಬಾವಿ ಕಾಣುತ್ತದೆ, ಹುಡುಗ ಬದುಕುತ್ತಾನೆ, ಕಾಡಿನಲ್ಲಿ ಬೆಳೆದು ಬಿಲ್ಲುಗಾರನಾಗುತ್ತಾನೆ.

ತಾಯಿಯ ದುಃಖವನ್ನು ಅಳೆಯಲು ಮೂಲದಲ್ಲಿ ಬಂದ ಆ ಬಾಣದ ದೂರ, ಮಗನ ಮುಂದಿನ ಬದುಕಾದ ಆ ಬಿಲ್ಲು, ಎರಡನ್ನೂ ರೆಂಬ್ರಾಂಟ್ ಹಿಂದಕ್ಕೆ ತಂದು, ಇನ್ನೂ ಏನೂ ಆಗಿರದ ಈ ಮಧ್ಯಾಹ್ನದಲ್ಲಿ ಆಟವಾಡುವ ಹುಡುಗನ ಕೈಗೆ ಕೊಟ್ಟಿದ್ದಾನೆ. ಮಗನಾಗುತ್ತಾನೆ ಎಂಬ ಮಾತು ಅವನ ಬೆನ್ನ ಹಿಂದೆ ಈಗಷ್ಟೇ ನಡೆಯುತ್ತಿದೆ. ಸಾರಳು ಕೇಳುತ್ತಿದ್ದಾಳೆ, ಅಬ್ರಹಾಮ ಕೇಳುತ್ತಿದ್ದಾನೆ, ಅವನೊಬ್ಬ ಕೇಳುತ್ತಿಲ್ಲ. ಅಬ್ರಹಾಮನ ಕೈಯ ಹೂಜಿಯನ್ನು ನೋಡಿದಾಗ ನನಗೆ ಆ ನೀರಿನ ತಿತ್ತಿಯೇ ನೆನಪಾಗುತ್ತದೆ: ದಾರಿಹೋಕರಿಗೆ ಕೇಳುವ ಮುಂಚೆಯೇ ಬಗ್ಗಿಸಿ ಕೊಡುವ ಕೈ ಸ್ವಂತ ಮಗನಿಗೆ ಒಂದೇ ತಿತ್ತಿ ಕೊಟ್ಟು ಕಳಿಸುತ್ತದೆ. ಮೂಲಗ್ರಂಥ ಈ ಎರಡನ್ನು ಎದುರುಬದುರಾಗಿ ಇಟ್ಟು ಎಲ್ಲಿಯೂ ಹೇಳಿಲ್ಲ. ಚಿತ್ರವೂ ಹೇಳುವುದಿಲ್ಲ. ಆದರೆ ಹುಡುಗನನ್ನೂ ಹೂಜಿಯನ್ನೂ ಒಂದೇ ಫಲಕದಲ್ಲಿಟ್ಟ ಮೇಲೆ, ಕಥೆ ಬಲ್ಲ ಓದುಗ ಅದನ್ನು ಕಾಣದೆ ಇರಲಾರ.

ಇದು ನನ್ನ ಅತಿ ಓದು ಎಂದು ಯಾರಾದರೂ ಹೇಳಿದರೆ ಅವರಿಗೆ ತೋರಿಸಲು ರೆಂಬ್ರಾಂಟನದೇ ಇನ್ನೊಂದು ಎಚ್ಚಿಂಗ್ ಇದೆ. 1637ರಲ್ಲಿ, ಮೂವತ್ತೊಂದು ವರ್ಷದವನಿದ್ದಾಗ, ಅವನು ಹಾಗರಳನ್ನು ಹೊರಗೆ ಕಳಿಸುವ ದೃಶ್ಯವನ್ನು ಮಾಡಿದ್ದ. ಅಲ್ಲಿಯೂ ಮನೆಯಿದೆ, ಮೆಟ್ಟಿಲಿದೆ, ಬಾಗಿಲಿದೆ. ಅಬ್ರಹಾಮ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗೆ ಇಟ್ಟು, ಎರಡು ಕೈಗಳನ್ನು ಎರಡು ಕಡೆಗೆ ಚಾಚಿ ನಿಂತಿದ್ದಾನೆ. ಹಾಗರಳು ಅಳುತ್ತಿದ್ದಾಳೆ. ಕಿಟಕಿಯಿಂದ ಸಾರಳು ನೋಡುತ್ತಿದ್ದಾಳೆ. ಇಷ್ಮಾಯೇಲ ನಮಗೆ ಬೆನ್ನು ತೋರಿಸಿಕೊಂಡು ಹೊರಟಿದ್ದಾನೆ. ಹತ್ತೊಂಬತ್ತು ವರ್ಷಗಳ ನಂತರ ಆ ಕಥೆಯ ಹಿಂದಿನ ಘಟ್ಟವನ್ನು ಚಿತ್ರಿಸಲು ಕುಳಿತಾಗ ಅವನು ಆ ಹುಡುಗನನ್ನು ಮರೆತಿರಲಿಲ್ಲ. ಆ ನಡುವೆ ಅವನ ಮನೋಧರ್ಮ ಬದಲಾಗಿದೆ: 1637ರ ಚಿತ್ರದಲ್ಲಿ ಎಲ್ಲವೂ ಹೊರಗೆ ಕಾಣುತ್ತದೆ, ಅಳುವವಳು ಅಳುತ್ತಾಳೆ, ಗೆದ್ದವಳು ಕಿಟಕಿಯಲ್ಲಿದ್ದಾಳೆ. 1656ರಲ್ಲಿ ಯಾರೂ ಅಳುತ್ತಿಲ್ಲ, ಯಾರೂ ಗೆದ್ದಿಲ್ಲ. ಬಾಗಿಲ ಸಂದಿನ ಸಾರಳ ಮುಖದಲ್ಲಿ ಹೆಚ್ಚಿನವರು ನಗುವನ್ನು ಹುಡುಕುತ್ತಾರೆ. ನನಗೆ ಅಲ್ಲಿ ಕಾಣುವುದು ಮೈಯೆಲ್ಲ ಕಿವಿಯಾದ ಒಬ್ಬ ಹೆಂಗಸು, ಇಷ್ಟು ವರ್ಷ ಇನ್ನೊಬ್ಬಳ ಮಗ ಅಂಗಳದಲ್ಲಿ ಆಡುವುದನ್ನು ನೋಡುತ್ತ ಬಂದವಳು. ಮುಂದೆ ಅವಳು ಮಾಡಲಿರುವ ನಿಷ್ಠುರ ಕೆಲಸವನ್ನು ನಾನು ಕ್ಷಮಿಸಲಾರೆ. ಆದರೆ ಈ ಚಿತ್ರದ ಸಾರಳನ್ನು ದ್ವೇಷಿಸಲೂ ಆಗುವುದಿಲ್ಲ, 1637ರ ಸಾರಳನ್ನು ಸುಲಭವಾಗಿ ದ್ವೇಷಿಸಬಹುದಿತ್ತು.

ಹದಿನೇಳನೆಯ ಅಧ್ಯಾಯದಲ್ಲಿ, ಎಂದರೆ ಈ ಊಟಕ್ಕೆ ಸ್ವಲ್ಪವೇ ಮುಂಚೆ, ಸಾರಳಲ್ಲಿ ಮಗನಾಗುವನೆಂಬ ಮಾತನ್ನು ದೇವರು ಅಬ್ರಹಾಮನಿಗೆ ಒಮ್ಮೆ ಹೇಳಿದ್ದ. ಆಗ ಅಬ್ರಹಾಮನೂ ನಕ್ಕಿದ್ದ. ನಕ್ಕು, ಅವನು ಬೇಡಿದ್ದು ಹೊಸ ಮಗನನ್ನಲ್ಲ. ಇಷ್ಮಾಯೇಲನು ನಿನ್ನ ಸನ್ನಿಧಿಯಲ್ಲಿ ಬದುಕಿದರೆ ಸಾಕು ಎಂದಿದ್ದ. ದೇವರು ಆ ಹುಡುಗನನ್ನು ಆಶೀರ್ವದಿಸುವುದಾಗಿ ಹೇಳಿದರೂ ತನ್ನ ಒಡಂಬಡಿಕೆ ಮಾತ್ರ ಇಸಾಕನ ಜೊತೆ ಎಂದುಬಿಟ್ಟ. ಅಬ್ರಹಾಮ ಬೇಡಿದ ಆ ಸಣ್ಣ ವರ ಗ್ರಂಥದಲ್ಲಿ ಅವನು ಬಯಸಿದ ರೀತಿಯಲ್ಲಿ ಈಡೇರುವುದಿಲ್ಲ, ಹುಡುಗ ಮರಳುಗಾಡಿನಲ್ಲಿ ಬದುಕುತ್ತಾನೆ. ಈ ಫಲಕದಲ್ಲಿ ಮಾತ್ರ ರೆಂಬ್ರಾಂಟ್ ಅವನನ್ನು ದೇವರಿಂದ ಕೆಲವೇ ಹೆಜ್ಜೆಗಳಾಚೆ ತಂದೆಯ ಅಂಗಳದಲ್ಲಿ ನಿಲ್ಲಿಸಿದ್ದಾನೆ, ಮೂಲ ಅಧ್ಯಾಯ ಅವನಿಗೆ ಕೊಡದಿದ್ದ ಜಾಗವನ್ನು ಕೊಟ್ಟಿದ್ದಾನೆ. ಮತ್ತು ಅವನು ಅತ್ತ ತಿರುಗಿ ನೋಡುವುದಿಲ್ಲ, ಅವನ ಗಮನವೆಲ್ಲ ಬಾಣದ ಗುರಿಯ ಮೇಲಿದೆ.